ತುಣುಕುಗಳಿಂದ ಆಸ್ಟ್ರೇಲಿಯಾದ ಚಿತ್ರೇತಿಹಾಸವನ್ನು ಎಷ್ಟರ ಮಟ್ಟಿಗೆ ತಿಳಿಯಬಹುದು?

ಪ್ರಶ್ನೆ: ಬೆಳ್ಳಿತೆರೆ

ಆಸ್ಟ್ರೇಲಿಯಾದ ನ್ಯಾಷನಲ್ ಫಿಲ್ಮ್ ಅಂಡ್ ಸೌಂಡ್ ಆರ್ಕೈವ್ ಕಾಪಾಡಿಕೊಂಡು ಬಂದಿರುವ ಹಳೆಯ ಸಿನಿಮಾ ಮತ್ತು ಟಿವಿ ಕಾರ್ಯಕ್ರಮಗಳ ತುಣುಕುಗಳನ್ನು ಕೆಲವು ತಿಂಗಳುಗಳಿಂದ ಒಂದೊಂದಾಗಿ ನೋಡುತ್ತಿದ್ದೇನೆ. ಅವುಗಳಲ್ಲಿ ಹೆಚ್ಚಿನವು ಎರಡು ಮೂರು ನಿಮಿಷಗಳಷ್ಟೇ ಇವೆ. ಅನ್ನ ಬೆಂದಿದೆಯೇ ಎಂದು ತಿಳಿಯಲು ಒಂದು ಅಗುಳು ಹಿಸುಕಿ ನೋಡಿದರೆ ಸಾಕು ಎನ್ನುತ್ತೇವೆ. ಒಂದು ದೇಶದ ಚಿತ್ರೇತಿಹಾಸಕ್ಕೂ ಆ ಮಾತು ಹೊಂದುತ್ತದೆಯೇ ಎಂಬುದು ನನ್ನ ಪ್ರಶ್ನೆ.

ಈ ಸಂದೇಹ ಹುಟ್ಟಿದ್ದು ಒಂದು ನಿರ್ದಿಷ್ಟ ತುಣುಕಿನಿಂದ. ಆಸ್ಟ್ರೇಲಿಯಾದಲ್ಲಿ ಟಿವಿ ಪ್ರಸಾರ ಶುರುವಾದ ರಾತ್ರಿ, 1956ರ ಸೆಪ್ಟೆಂಬರ್ 16ರಂದು, ಸಿಡ್ನಿಯ ಟಿಸಿಎನ್-9 ವಾಹಿನಿಯಲ್ಲಿ ನಿರೂಪಕ ಬ್ರೂಸ್ ಗಿಂಜೆಲ್ ಅವರು ವೀಕ್ಷಕರಿಗೆ ಶುಭಸಂಜೆ ಹೇಳಿ ಟೆಲಿವಿಷನ್‌ಗೆ ಸ್ವಾಗತಿಸುವ ದೃಶ್ಯವನ್ನು ಎಲ್ಲೆಡೆ ತೋರಿಸುತ್ತಾರೆ. ಅದು ಆ ರಾತ್ರಿಯದ್ದೇ ಅಲ್ಲ ಎಂದು ಒಬ್ಬರು ಹೇಳಿದರು. ಇದು ನಿಜವೇ? ನಿಜವಾದರೆ, ಉಳಿದ ತುಣುಕುಗಳನ್ನು ಯಾವ ಎಚ್ಚರದಿಂದ ನೋಡಬೇಕು? ತಿಳಿದವರು ದಯವಿಟ್ಟು ವಿವರಿಸಬೇಕು.

ಉತ್ತರ: ರೀಲುಪೆಟ್ಟಿಗೆ

ನಿಮಗೆ ಹೇಳಿದವರ ಮಾತು ನಿಜ. ಇಂದು ನಾವು ನೋಡುವ ಆ ದೃಶ್ಯವನ್ನು ಸುಮಾರು ಒಂದು ವರ್ಷದ ನಂತರ, ಗಿಂಜೆಲ್ ಅವರಿಂದಲೇ ಅದೇ ಮಾತುಗಳನ್ನು ಮತ್ತೆ ಹೇಳಿಸಿ ಚಿತ್ರೀಕರಿಸಲಾಯಿತು. ಮೂಲ ಪ್ರಸಾರ ಗಾಳಿಯಲ್ಲಿ ಹೋಯಿತು, ಉಳಿಯಲಿಲ್ಲ. ಇದನ್ನು ಮೋಸವೆಂದು ನಾನು ಭಾವಿಸುವುದಿಲ್ಲ. ಆಗ ನೇರಪ್ರಸಾರವನ್ನು ಉಳಿಸಿಕೊಳ್ಳಬೇಕಾದರೆ ಟಿವಿ ಪರದೆಯ ಎದುರು ಫಿಲ್ಮ್ ಕ್ಯಾಮೆರಾ ಇಟ್ಟು ಪರದೆಯನ್ನೇ ಚಿತ್ರೀಕರಿಸಬೇಕಿತ್ತು. ಅದು ಖರ್ಚಿನ ಕೆಲಸ; ಒಂದು ಸಂಜೆಯ ಸ್ವಾಗತದ ಮಾತಿಗೆ ಅಷ್ಟು ಬೆಲೆ ಬಂದೀತೆಂದು ಆ ಸಂಜೆ ಯಾರಿಗೂ ಅನ್ನಿಸಿರಲಿಕ್ಕಿಲ್ಲ.

ವೀಡಿಯೊ ಟೇಪ್ ಬಂದ ಮೇಲೆ ಪರಿಸ್ಥಿತಿ ಸುಧಾರಿಸಬೇಕಿತ್ತು. ಆದರೆ ಟೇಪ್ ದುಬಾರಿಯಾಗಿತ್ತು ಮತ್ತು ಅದನ್ನು ಅಳಿಸಿ ಮತ್ತೆ ಬಳಸಲು ಬರುತ್ತಿತ್ತು. ಈ ಎರಡು ಗುಣಗಳೇ ಹಳೆಯ ಕಾರ್ಯಕ್ರಮಗಳಿಗೆ ಮುಳುವಾದವು. ಆಸ್ಟ್ರೇಲಿಯಾದ ಸಾರ್ವಜನಿಕ ಪ್ರಸಾರ ಸಂಸ್ಥೆ ಎಬಿಸಿಯಲ್ಲಿ 1967ರಿಂದ 1977ರವರೆಗೆ ಹತ್ತು ವರ್ಷ ಓಡಿದ, ಒಂದು ಹಳ್ಳಿಗಾಡಿನ ಊರಿನ ಕತೆಯಾದ ‘ಬೆಲ್‌ಬರ್ಡ್’ ಧಾರಾವಾಹಿಯ ಬಹುಪಾಲು ಕಂತುಗಳು ಇಂದು ಇಲ್ಲ. 1964ರಲ್ಲಿ ಆರಂಭವಾದ, ಕ್ರಾಫರ್ಡ್ ಸಂಸ್ಥೆಯ ಪೊಲೀಸ್ ಧಾರಾವಾಹಿ ‘ಹೋಮಿಸೈಡ್’ ನೋಡುವಾಗ ಇನ್ನೊಂದು ಸಂಗತಿಯನ್ನು ಗಮನಿಸಿ. ಒಳಾಂಗಣ ದೃಶ್ಯಗಳನ್ನು ಸ್ಟುಡಿಯೊದಲ್ಲಿ ವೀಡಿಯೊ ಟೇಪ್ ಮೇಲೂ ಹೊರಾಂಗಣ ದೃಶ್ಯಗಳನ್ನು ಫಿಲ್ಮ್ ಮೇಲೂ ತೆಗೆಯುತ್ತಿದ್ದರು. ಪತ್ತೆದಾರರು ಬಾಗಿಲು ತೆರೆದು ಬೀದಿಗಿಳಿದ ಕೂಡಲೇ ಚಿತ್ರದ ರೂಪವೇ ಬದಲಾಗುತ್ತದೆ. ಕಪ್ಪು ಬಿಳುಪಿನಲ್ಲೂ ಅದು ಕಣ್ಣಿಗೆ ಹೊಡೆಯುತ್ತದೆ. ಅರುವತ್ತರ ದಶಕದ ಮೆಲ್ಬರ್ನ್ ಬೀದಿಗಳನ್ನು ನೋಡಬೇಕೆಂದರೆ ನಾನು ಮೊದಲು ಹುಡುಕುವುದು ಆ ಹೊರಾಂಗಣ ದೃಶ್ಯಗಳನ್ನೇ.

ಉತ್ತರ: ಹಳೆಯಚಿತ್ರ

ರೀಲುಪೆಟ್ಟಿಗೆ ಅವರು ಟಿವಿಯ ಬಗ್ಗೆ ಹೇಳಿದ್ದಾರೆ. ನಾನು ಸಿನಿಮಾದ ಬಗ್ಗೆ ಬರೆಯುತ್ತೇನೆ. ನನ್ನ ಅಭಿಪ್ರಾಯದಲ್ಲಿ ಪ್ರತಿ ತುಣುಕಿನ ಮುಂದೆ ಎರಡು ಪ್ರಶ್ನೆ ಕೇಳಬೇಕು: ಇದು ಎಷ್ಟು ದೊಡ್ಡ ಚಿತ್ರದ ಭಾಗ, ಮತ್ತು ಇದು ಯಾರ ಕೈಯಲ್ಲಿ ಉಳಿಯಿತು?

ಚಾರ್ಲ್ಸ್ ಟೇಟ್ ಅವರ ‘ದಿ ಸ್ಟೋರಿ ಆಫ್ ದ ಕೆಲ್ಲಿ ಗ್ಯಾಂಗ್’ 1906ರ ಡಿಸೆಂಬರ್ 26ರಂದು ಮೆಲ್ಬರ್ನ್‌ನ ಅಥೀನಿಯಂ ಹಾಲ್‌ನಲ್ಲಿ ತೆರೆಕಂಡಿತು. ಒಂದು ಗಂಟೆಗೂ ಹೆಚ್ಚು ಓಡುತ್ತಿದ್ದ ಆ ಚಿತ್ರವನ್ನು ಜಗತ್ತಿನ ಮೊದಲ ಪೂರ್ಣಾವಧಿ ಕಥಾಚಿತ್ರವೆಂದು ಪರಿಗಣಿಸುತ್ತಾರೆ. ಅದರಲ್ಲಿ ಉಳಿದಿರುವುದು ಸುಮಾರು 17 ನಿಮಿಷ ಮಾತ್ರ. ಅದೂ ಒಂದೇ ಕಡೆ ಸಿಕ್ಕಿದ್ದಲ್ಲ. 1970ರ ದಶಕದಿಂದ ಬೇರೆಬೇರೆ ಕೈಗಳಿಂದ ಚೂರುಚೂರಾಗಿ ಬಂದದ್ದು, ಒಂದು ದೊಡ್ಡ ಭಾಗವಂತೂ ಬ್ರಿಟನ್ನಿನ ಸಂಗ್ರಹದಿಂದ ಬಂದದ್ದು. 2007ರಲ್ಲಿ ಯುನೆಸ್ಕೊ ಅದನ್ನು ತನ್ನ ‘ಮೆಮೊರಿ ಆಫ್ ದ ವರ್ಲ್ಡ್’ ಪಟ್ಟಿಗೆ ಸೇರಿಸಿತು. ಚಿತ್ರದ ನಾಯಕನಾದ ದರೋಡೆಕೋರ ನೆಡ್ ಕೆಲ್ಲಿಯನ್ನು ಗಲ್ಲಿಗೇರಿಸಿದ್ದು 1880ರಲ್ಲಿ. ಚಿತ್ರ ತೆರೆಗೆ ಬಂದಾಗ ಅವನ ತಾಯಿ ಎಲೆನ್ ಇನ್ನೂ ಬದುಕಿದ್ದರು. ನಮಗೆ ದಂತಕತೆಯಂತೆ ಕಾಣುವುದು ಅಂದಿನ ಪ್ರೇಕ್ಷಕರಿಗೆ ನಿನ್ನೆಮೊನ್ನೆಯ ಸುದ್ದಿಯಾಗಿತ್ತು ಎಂಬುದನ್ನು ಮರೆತರೆ ಆ ತುಣುಕು ಅರ್ಥವಾಗುವುದಿಲ್ಲ. ದರೋಡೆಕೋರರನ್ನು ನಾಯಕರನ್ನಾಗಿಸುವ ಇಂಥ ಚಿತ್ರಗಳನ್ನು 1912ರಲ್ಲಿ ನ್ಯೂ ಸೌತ್ ವೇಲ್ಸ್‌ನಲ್ಲಿ ನಿಷೇಧಿಸಲಾಯಿತು.

ಉಳಿದ ಭಾಗದಲ್ಲೂ ಕೆಲವು ಕಡೆ ಚಿತ್ರ ಕುದಿಯುವಂತೆ, ಕರಗಿ ಹರಿಯುವಂತೆ ಕಾಣುತ್ತದೆ. ಅದು ನೈಟ್ರೇಟ್ ಫಿಲ್ಮಿನ ಕೊಳೆತ. ಸೆಲ್ಯುಲೋಸ್ ನೈಟ್ರೇಟ್ ತನ್ನಷ್ಟಕ್ಕೆ ತಾನೇ ವಿಘಟನೆಗೊಂಡು ಮೊದಲು ಅಂಟಂಟಾಗಿ ಕೊನೆಗೆ ಪುಡಿಯಾಗುತ್ತದೆ. ಬೆಂಕಿ ಹತ್ತಿದರೆ ನೀರಿನೊಳಗೂ ಉರಿಯುತ್ತದೆ. ಆ ಚೌಕಟ್ಟುಗಳನ್ನು ಹಾರಿಸಬೇಡಿ. ಒಬ್ಬ ನಟನ ಮುಖದ ಅರ್ಧ ಕರಗಿ ಇನ್ನರ್ಧ ನಮ್ಮತ್ತ ನೋಡುತ್ತಿರುವಾಗ, ಎಷ್ಟು ಹೋಗಿದೆ ಎಂಬುದು ಯಾವ ಟಿಪ್ಪಣಿಗಿಂತಲೂ ಚೆನ್ನಾಗಿ ಮನಸ್ಸಿಗೆ ನಾಟುತ್ತದೆ.

ನೈಟ್ರೇಟ್ ಕಾಲ ಮುಗಿದ ಮೇಲೂ ಅಪಾಯ ತಪ್ಪಲಿಲ್ಲ. 1971ರ ‘ವೇಕ್ ಇನ್ ಫ್ರೈಟ್’ ಚಿತ್ರದ ಮೂಲ ನೆಗೆಟಿವ್‌ಗಾಗಿ ಅದರ ಸಂಕಲನಕಾರ ಆಂಥನಿ ಬಕ್ಲಿ ವರ್ಷಗಟ್ಟಲೆ ಹುಡುಕಿದರು. ಕೊನೆಗೆ ಅದು ಸಿಕ್ಕಿದ್ದು ಅಮೆರಿಕದ ಪಿಟ್ಸ್‌ಬರ್ಗ್‌ನಲ್ಲಿ, ನಾಶಪಡಿಸಲು ಎಂದು ಗುರುತು ಹಾಕಿಟ್ಟಿದ್ದ ಸರಕಿನಲ್ಲಿ. ಅವರು ಹಟ ಬಿಟ್ಟಿದ್ದರೆ 2009ರ ಆ ಪುನರುಜ್ಜೀವಿತ ಪ್ರತಿ ನಮಗೆ ಸಿಗುತ್ತಿರಲಿಲ್ಲ.

ಉತ್ತರ: ದ್ವೀಪಯಾತ್ರಿ

ಮೇಲಿನ ಎರಡು ಪ್ರಶ್ನೆಗಳ ಜೊತೆಗೆ ಮೂರನೆಯದೂ ಇರಲಿ: ಕ್ಯಾಮೆರಾ ಯಾರಿಗಾಗಿ ಓಡುತ್ತಿತ್ತು?

1898ರಲ್ಲಿ ಕೇಂಬ್ರಿಜ್‌ನ ಮಾನವಶಾಸ್ತ್ರಜ್ಞ ಎ. ಸಿ. ಹ್ಯಾಡನ್ ಆಸ್ಟ್ರೇಲಿಯಾ ಮತ್ತು ನ್ಯೂಗಿನಿಯ ನಡುವಿನ ಟಾರೆಸ್ ಜಲಸಂಧಿಯ ಮೇರ್ ದ್ವೀಪದಲ್ಲಿ ಚಿತ್ರೀಕರಿಸಿದ್ದರಲ್ಲಿ ಉಳಿದಿರುವುದು ಸುಮಾರು ನಾಲ್ಕು ನಿಮಿಷ. ಅದರಲ್ಲಿ ದ್ವೀಪದ ದೈವ ಮಾಲೊನಿಗೆ ಸಂಬಂಧಿಸಿದ ಮಾಲೊ-ಬೊಮಾಯ್ ಆಚರಣೆಯ ನೃತ್ಯವಿದೆ. ಕ್ರೈಸ್ತ ಮಿಷನ್ ಬಂದ ಮೇಲೆ ಆ ಆಚರಣೆ ನಿಂತುಹೋಗಿ ಮೂಲ ಮುಖವಾಡಗಳೂ ಇಲ್ಲವಾಗಿದ್ದವು. ಆದ್ದರಿಂದ ಚಿತ್ರೀಕರಣಕ್ಕೆಂದೇ ರಟ್ಟಿನಲ್ಲಿ ಮುಖವಾಡ ಮಾಡಲಾಯಿತು. ಹಾಗಾದರೆ ಅದೂ ಗಿಂಜೆಲ್ ತುಣುಕಿನಂತೆ ಮರುಸೃಷ್ಟಿಯೇ. ಆದರೆ ಅದನ್ನು ಕುಣಿದವರಿಗೆ ಆ ನೃತ್ಯ ಗೊತ್ತಿತ್ತು, ಅದು ಅವರದೇ ಆಗಿತ್ತು. ಮಾಲೊನ ಕಟ್ಟಳೆಯನ್ನು ನೆನಪಿನಲ್ಲಿಟ್ಟುಕೊಂಡ ಅದೇ ದ್ವೀಪದಿಂದ ಎಡ್ಡಿ ಮಾಬೊ ಮತ್ತು ಸಂಗಡಿಗರು ನೆಲದ ಹಕ್ಕಿಗಾಗಿ ಹೋರಾಡಿ 1992ರಲ್ಲಿ ಆಸ್ಟ್ರೇಲಿಯಾದ ಅತ್ಯುನ್ನತ ನ್ಯಾಯಾಲಯವಾದ ಹೈಕೋರ್ಟಿನಲ್ಲಿ ಗೆದ್ದರು. ರಟ್ಟಿನ ಮುಖವಾಡವೆಂದು ಆ ನಾಲ್ಕು ನಿಮಿಷಗಳನ್ನು ಕಡೆಗಣಿಸಲು ನನಗೆ ಸಾಧ್ಯವಾಗುವುದಿಲ್ಲ.

ಚಾರ್ಲ್ಸ್ ಷೋವೆಲ್ ಅವರ ‘ಜೆಡ್ಡಾ’ ಆಸ್ಟ್ರೇಲಿಯಾದ ಮೊದಲ ವರ್ಣ ಕಥಾಚಿತ್ರ. 1955ರಲ್ಲಿ ತೆರೆಗೆ ಬಂತು. ಸಂಸ್ಕರಣೆಗಾಗಿ ಫಿಲ್ಮನ್ನು ಇಂಗ್ಲೆಂಡಿಗೆ ಕಳುಹಿಸಬೇಕಿತ್ತು, ಕೊನೆಯ ಭಾಗ ವಿಮಾನ ಅಪಘಾತದಲ್ಲಿ ನಾಶವಾಗಿ ಅದನ್ನು ನ್ಯೂ ಸೌತ್ ವೇಲ್ಸ್‌ನಲ್ಲಿ ಮತ್ತೆ ಚಿತ್ರೀಕರಿಸಿದರು. ಪ್ರಮುಖ ಪಾತ್ರಗಳಲ್ಲಿ ಮೂಲನಿವಾಸಿಗಳೇ ಇದ್ದರು ಎಂಬುದು ಅಂದಿಗೆ ದೊಡ್ಡ ಮಾತು, ಆದರೆ ಕತೆ ಹೇಳುವ ಹಕ್ಕು ಅವರ ಕೈಯಲ್ಲಿರಲಿಲ್ಲ. ಮುಂದೆ ಮೂಲನಿವಾಸಿ ನಿರ್ದೇಶಕಿ ಟ್ರೇಸಿ ಮೊಫಾಟ್ ‘ನೈಟ್ ಕ್ರೈಸ್’ ಎಂಬ ಕಿರುಚಿತ್ರದಲ್ಲಿ ಅದೇ ಕತೆಯ ಬಿಳಿಯ ಸಾಕುತಾಯಿ ಮತ್ತು ಮೂಲನಿವಾಸಿ ಮಗಳನ್ನು ಬೇರೆ ರೀತಿಯಲ್ಲಿ ಕಂಡರು. ಈ ಎರಡರ ತುಣುಕುಗಳನ್ನು ಬೆನ್ನುಬೆನ್ನಿಗೆ ನೋಡಿ.

ಇಂಥ ತುಣುಕುಗಳಿಗೆ ಮೊದಲು, ಇದರಲ್ಲಿ ತೀರಿಕೊಂಡವರ ಚಿತ್ರ ಮತ್ತು ಧ್ವನಿ ಇರಬಹುದು ಎಂಬ ಎಚ್ಚರಿಕೆ ಬರುತ್ತದೆ. ಅನೇಕ ಮೂಲನಿವಾಸಿ ಸಮುದಾಯಗಳಲ್ಲಿ ಸತ್ತವರ ಹೆಸರು ಹೇಳುವುದನ್ನೂ ರೂಪ ತೋರಿಸುವುದನ್ನೂ ಶೋಕದ ಕಾಲದಲ್ಲಿ ತಡೆಯುತ್ತಾರೆ. ಆ ಸಾಲನ್ನು ದಯವಿಟ್ಟು ಓದಿಯೇ ಮುಂದುವರಿಯಿರಿ.

ಮರುಮಾತು: ಬೆಳ್ಳಿತೆರೆ

ಮೂವರಿಗೂ ಹೃತ್ಪೂರ್ವಕ ವಂದನೆಗಳು. ನಿಮ್ಮ ಪ್ರಶ್ನೆಗಳನ್ನು ಮನಸ್ಸಿನಲ್ಲಿಟ್ಟುಕೊಂಡು ನಿನ್ನೆ ರಾತ್ರಿ ಆಸ್ಟ್ರೇಲಿಯಾಕ್ಕೆ ಮೊದಲ ಆಸ್ಕರ್ ತಂದ, ಎರಡನೆಯ ಮಹಾಯುದ್ಧದ ನ್ಯೂಗಿನಿ ರಣರಂಗವನ್ನು ತೋರಿಸುವ 1942ರ ‘ಕೊಕೊಡಾ ಫ್ರಂಟ್ ಲೈನ್!’ ಸುದ್ದಿಚಿತ್ರವನ್ನು ಮತ್ತೆ ನೋಡಿದೆ. ಮೊದಲ ಸಲ ನೋಡಿದಾಗ ಕಾಡಿನ ಕೆಸರು, ಗಾಯಾಳುಗಳನ್ನು ಹೊತ್ತು ನಡೆಯುವ ಪಪುವಾದ ಜನ, ಗಾಯಗೊಂಡ ಸೈನಿಕನಿಗೆ ಒಬ್ಬರು ಸಿಗರೇಟು ಹೊತ್ತಿಸಿಕೊಡುವುದು, ಇಷ್ಟೇ ಕಂಡಿತ್ತು. ಈ ಸಲ ಆರಂಭದಲ್ಲಿ ಕ್ಯಾಮೆರಾಮನ್ ಡೇಮಿಯನ್ ಪಾರರ್ ತಾವೇ ನಮ್ಮತ್ತ ತಿರುಗಿ ಮಾತನಾಡುವ ಭಾಗದಲ್ಲಿ ನಿಂತುಬಿಟ್ಟೆ. ಎಂಟು ದಿನದ ಹಿಂದೆ ತಾನು ಅಲ್ಲಿದ್ದೆ ಎನ್ನುತ್ತಾರೆ. ಅವರು ನೇರವಾಗಿ ಹೇಳುತ್ತಿರುವುದು ಅಂದಿನ ಆಸ್ಟ್ರೇಲಿಯಾದ ಚಿತ್ರಮಂದಿರಗಳಲ್ಲಿ ಕುಳಿತ, ಯುದ್ಧ ದೂರದಲ್ಲಿದೆ ಎಂದುಕೊಂಡಿದ್ದ ಜನರಿಗೆ. ಎರಡು ವರ್ಷಗಳ ನಂತರ ಪೆಲೆಲಿಯು ದ್ವೀಪದಲ್ಲಿ ಕ್ಯಾಮೆರಾ ಹಿಡಿದಿದ್ದಾಗಲೇ ಅವರು ಹತರಾದರು. ಇವತ್ತು ‘ಹೋಮಿಸೈಡ್’ನ ಬೀದಿಗಳಿಂದ ಮುಂದುವರಿಸುತ್ತೇನೆ.