‘ಕಡಿಮೆ ಸಾಮರ್ಥ್ಯದ ರಿಸೀವರ್’ ಎಂದು ಬರೆಯಬಹುದೇ?

ವೈರ್‌ಲೆಸ್ ರಿಸೀವರ್‌ಗಳು ಸಂದರ್ಭ ನೋಡಿಕೊಂಡು ತಮ್ಮ ವಿದ್ಯುತ್ ಬಳಕೆಯನ್ನು ತಗ್ಗಿಸಿಕೊಳ್ಳುವ ಬಗೆಯನ್ನು ಕುರಿತು ಡಿಪ್ಲೊಮಾ ವಿದ್ಯಾರ್ಥಿಗಳಿಗಾಗಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಪವರ್’ ಎಂಬ ಪದಕ್ಕೆ ಯಾವುದನ್ನು ಬಳಸಬೇಕೆಂಬುದು ಇನ್ನೂ ಇತ್ಯರ್ಥವಾಗಿಲ್ಲ. ಬಲ್ಲವರು ತಿಳಿಸಿಕೊಡಬೇಕು.

ನಮ್ಮ ಶಾಲಾ ಪಠ್ಯಗಳು ‘ಎನರ್ಜಿ’ಗೆ ಶಕ್ತಿ ಎಂದೂ ‘ಪವರ್’ಗೆ ಸಾಮರ್ಥ್ಯ ಎಂದೂ ಹೇಳಿಕೊಡುತ್ತವೆ. ಒಂದರ ಅಳತೆ ಜೂಲ್, ಇನ್ನೊಂದರದು ವ್ಯಾಟ್. ಭೌತಶಾಸ್ತ್ರದ ಪಾಠದಲ್ಲಿ ಈ ವಿಂಗಡಣೆಯಿಂದ ತೊಂದರೆಯಿಲ್ಲ. ಆದರೆ ‘ಕಡಿಮೆ ಸಾಮರ್ಥ್ಯದ ರಿಸೀವರ್’ ಎಂದು ಬರೆದರೆ, ಓದುವವರು ಅದನ್ನು ದೂರದ ಸಂಕೇತವನ್ನು ಹಿಡಿಯಲಾರದ, ಕಳಪೆ ದರ್ಜೆಯ ರಿಸೀವರ್ ಎಂದೇ ತಿಳಿಯುತ್ತಾರೆ. ಹೇಳಬೇಕಾದದ್ದು ಅದಕ್ಕೆ ತೀರಾ ವಿರುದ್ಧವಾದ ಮಾತು: ಗ್ರಹಿಸುವ ಗುಣಮಟ್ಟ ಕುಂದದೆ ಬ್ಯಾಟರಿಯ ಮೇಲಿನ ಹೊರೆ ಮಾತ್ರ ಇಳಿದಿದೆ ಎಂಬುದು. ಹೀಗಾಗಿ ಪಠ್ಯದ ಪದ ಸರಿಯಾಗಿದ್ದರೂ ಈ ಜಾಗದಲ್ಲಿ ಅದು ಸಲ್ಲದು ಎಂಬುದು ನನ್ನ ದೃಢ ಅನಿಸಿಕೆ.

‘ವಿದ್ಯುತ್ ಬಳಕೆ’ ಎಂಬುದು ಎಲ್ಲರಿಗೂ ತಿಳಿಯುವ ಮಾತು. ಆದರೆ ಮನೆಯ ವಿದ್ಯುತ್ ಬಿಲ್ಲಿನಿಂದಾಗಿ ಆ ಮಾತು ಯೂನಿಟ್‌ಗಳ ಲೆಕ್ಕಕ್ಕೆ, ಅಂದರೆ ಕಿಲೋವ್ಯಾಟ್ ಗಂಟೆಗೆ, ಅಂಟಿಕೊಂಡಿದೆ. ಅದು ಶಕ್ತಿಯ ಅಳತೆಯೇ ಹೊರತು ವ್ಯಾಟಿನದಲ್ಲ. ಸಾಮಾನ್ಯ ಲೇಖನದಲ್ಲಿ ಈ ವ್ಯತ್ಯಾಸವನ್ನು ಬಿಟ್ಟುಬಿಡಬಹುದಿತ್ತು, ಆದರೆ ರಿಸೀವರ್‌ಗಳ ವಿಷಯದಲ್ಲಿ ಉಳಿತಾಯದ ಎರಡು ದಾರಿಗಳು ಬೇರೆಯಾಗುವುದೇ ಇಲ್ಲಿ.

ಮೊದಲನೆಯ ದಾರಿಯಲ್ಲಿ ರಿಸೀವರ್ ಎಚ್ಚರವಾಗಿರುವಾಗಲೇ ಕಡಿಮೆ ವ್ಯಾಟ್ ಎಳೆಯುತ್ತದೆ. ಆಂಟೆನಾದ ಹಿಂದಿರುವ, ಸಂಕೇತವನ್ನು ಬಲಪಡಿಸುವ ಆಂಪ್ಲಿಫೈಯರ್ ಮತ್ತು ಅದರ ಕಂಪನಾಂಕವನ್ನು ಬದಲಿಸುವ ಮಿಕ್ಸರ್‌ಗಳನ್ನು ಅತ್ಯಂತ ಕೆಟ್ಟ ಪರಿಸ್ಥಿತಿಯನ್ನು ಎಣಿಸಿ ವಿನ್ಯಾಸ ಮಾಡುತ್ತಾರೆ: ಬೇಕಾದ ಸಂಕೇತ ತೀರಾ ಕ್ಷೀಣವಾಗಿರುತ್ತದೆ, ಪಕ್ಕದ ಚಾನೆಲ್‌ನಲ್ಲಿ ಪ್ರಬಲವಾದ ಬೇರೊಂದು ಸಂಕೇತ ಅಬ್ಬರಿಸುತ್ತಿರುತ್ತದೆ. ಆಗ ವಿರೂಪವಿಲ್ಲದೆ ಕೆಲಸ ಮಾಡಲು ಈ ಮಂಡಲಗಳಿಗೆ ಹೆಚ್ಚಿನ ಬಯಾಸ್ ಕರೆಂಟ್, ಅಂದರೆ ಮಂಡಲವನ್ನು ಕೆಲಸಕ್ಕೆ ಸಜ್ಜಾಗಿಡಲು ಹರಿಸುತ್ತಿರುವ ಕರೆಂಟ್, ಬೇಕು. ದಿನದ ಬಹುಪಾಲು ಹೊತ್ತು ಪರಿಸ್ಥಿತಿ ಅಷ್ಟು ಕೆಟ್ಟದಾಗಿರುವುದಿಲ್ಲವಾದ್ದರಿಂದ, ಸಂಕೇತದ ಬಲವನ್ನೂ ಪಕ್ಕದ ಅಡಚಣೆಯನ್ನೂ ಅಳೆಯುತ್ತಾ ಬಯಾಸ್ ಕರೆಂಟನ್ನು ಇಳಿಸುವುದು, ಅನಲಾಗ್‌ನಿಂದ ಡಿಜಿಟಲ್‌ಗೆ ಬದಲಿಸುವ ಘಟಕದ ಬಿಟ್‌ಗಳನ್ನು ಕಡಿಮೆ ಮಾಡುವುದು ಸಾಧ್ಯವಾಗುತ್ತದೆ. 5ಜಿಯಲ್ಲಿ ಫೋನು ಇಡೀ 100 ಮೆಗಾಹರ್ಟ್ಸ್ ಪಟ್ಟಿಯನ್ನು ಆಲಿಸುವ ಬದಲು, ದತ್ತಾಂಶ ಕಡಿಮೆಯಿರುವಾಗ ಅದರ ಕಿರಿದಾದ ಒಂದು ಭಾಗವನ್ನಷ್ಟೇ ಆಲಿಸುವ ಏರ್ಪಾಡೂ ಇದೇ ಬಗೆಯದು.

ಎರಡನೆಯ ದಾರಿ ನಿದ್ದೆಯದು. ಎಲ್‌ಟಿಇ (4ಜಿ) ಜಾಲದಲ್ಲಿ ಸುಮ್ಮನಿರುವ ಫೋನು ತನಗೆ ಕರೆ ಬಂದಿದೆಯೇ ಎಂದು ನೋಡಲು 0.32ರಿಂದ 2.56 ಸೆಕೆಂಡಿನ ಆವರ್ತದಲ್ಲಿ ಒಮ್ಮೆ ಎದ್ದು ಮತ್ತೆ ಮಲಗುತ್ತದೆ. ಎದ್ದಾಗ 100 ಮಿಲಿವ್ಯಾಟ್ ಎಳೆಯುವ ರಿಸೀವರ್ ಒಂದು 1.28 ಸೆಕೆಂಡಿಗೊಮ್ಮೆ 10 ಮಿಲಿಸೆಕೆಂಡು ಮಾತ್ರ ಎಚ್ಚರವಿರುತ್ತದೆ ಎಂದಿಟ್ಟುಕೊಳ್ಳೋಣ. ನಿದ್ದೆಯಲ್ಲಿನ ಅಲ್ಪ ಸೋರಿಕೆಯನ್ನು ಬಿಟ್ಟರೆ ಸರಾಸರಿ 0.78 ಮಿಲಿವ್ಯಾಟ್ ಆಯಿತು. ಆದರೆ ಎಚ್ಚರದ ಆ ಕ್ಷಣದಲ್ಲಿ ಅದು ಎಳೆಯುವುದು ಪೂರಾ 100 ಮಿಲಿವ್ಯಾಟನ್ನೇ. ಎರಡು ದಾರಿಗೂ ‘ವಿದ್ಯುತ್ ಬಳಕೆ ಕಡಿತ’ ಎಂದೇ ಬರೆದರೆ ವಿದ್ಯಾರ್ಥಿಗೆ ಯಾವುದು ಎಲ್ಲಿ ಇಳಿಯಿತೆಂದು ತಿಳಿಯುವುದಿಲ್ಲ.

ಸದ್ಯಕ್ಕೆ ನಾನು ಮಾಡಿಕೊಂಡಿರುವುದು ಹೀಗೆ: ಜೂಲ್ ಲೆಕ್ಕಕ್ಕೆ ‘ಶಕ್ತಿವ್ಯಯ’, ವ್ಯಾಟ್ ಲೆಕ್ಕಕ್ಕೆ ‘ಶಕ್ತಿವ್ಯಯದ ದರ’. ಎರಡನೆಯದು ಉದ್ದವಾಯಿತು, ಶೀರ್ಷಿಕೆಯಲ್ಲಿ ಕೂರುವುದಿಲ್ಲ. ಹಾಗೆಂದು ‘ಪವರ್’ ಎಂದೇ ಕನ್ನಡ ಲಿಪಿಯಲ್ಲಿ ಉಳಿಸಿಕೊಳ್ಳಲು ನನ್ನ ಆಕ್ಷೇಪವಿಲ್ಲ. ಲ್ಯಾಬಿನಲ್ಲಿ ಎಲ್ಲರೂ ಆಡುವುದು ಅದನ್ನೇ, ಮತ್ತು ‘ಕಡಿಮೆ ಪವರ್‌ನ ರಿಸೀವರ್’ ಎಂದರೆ ‘ಸಾಮರ್ಥ್ಯ’ದಷ್ಟು ದಾರಿ ತಪ್ಪಿಸುವುದಿಲ್ಲ. ಇದಕ್ಕಿಂತ ಮೇಲಾದ ಪದ ಯಾರಾದರೂ ಬಳಸಿದ್ದರೆ ವಾಕ್ಯಸಹಿತ ತಿಳಿಸಿ.

ಸಂದರ್ಭಕ್ಕೆ ತಕ್ಕಂತೆ ತನ್ನನ್ನು ಬದಲಿಸಿಕೊಳ್ಳುವ ಇಂಥ ರಿಸೀವರ್‌ಗೆ ಇಂಗ್ಲಿಷಿನಲ್ಲಿ ಹೇಳುವ ‘ಅಡಾಪ್ಟಿವ್’ ಬಗ್ಗೆಯೂ ಒಂದು ಮಾತು. ‘ಹೊಂದಾಣಿಕೆಯ ರಿಸೀವರ್’ ಎಂದರೆ ಬೇರೆ ಸಾಧನದ ಜೊತೆ ಹೊಂದುವ ರಿಸೀವರ್ ಎಂಬ ಅರ್ಥ ಬರುತ್ತದೆ. ‘ಅನುಕೂಲಿ’ ಎಂಬುದನ್ನು ಸೌಕರ್ಯದ ಅರ್ಥದಿಂದ ಬಿಡಿಸುವುದು ಕಷ್ಟ. ‘ಸಂದರ್ಭಾನುಸಾರಿ’ ನನಗೆ ಒಪ್ಪಿಗೆಯಾಗಿದೆ, ಏಕೆಂದರೆ ರಿಸೀವರ್ ಯಾವುದನ್ನು ಅನುಸರಿಸುತ್ತದೆಂಬುದು ಅದರಲ್ಲಿ ಅಡಗಿದೆ. ‘ರಿಸೀವರ್’ ಅನ್ನು ‘ಗ್ರಾಹಕ’ವಾಗಿಸುವುದಂತೂ ಬೇಡ. ‘ಗ್ರಾಹಕದ ವಿದ್ಯುತ್ ಬಳಕೆ’ ಎಂದರೆ ವಿದ್ಯುತ್ ಕಂಪನಿಯ ಪ್ರಕಟಣೆಯಾಗುತ್ತದೆ.

ಇನ್ನು ಉಳಿದದ್ದು ‘ವೇಕ್-ಅಪ್ ರೇಡಿಯೊ’. ಮುಖ್ಯ ರಿಸೀವರ್ ಪೂರ್ತಿ ಮಲಗಿರುವಾಗ, 1 ಮಿಲಿವ್ಯಾಟ್‌ಗಿಂತ ಕಡಿಮೆ ಎಳೆಯುವ ಪುಟ್ಟ ರಿಸೀವರ್ ಒಂದು ಕಾವಲಿದ್ದು, ತನ್ನ ಸಾಧನಕ್ಕೆ ಕರೆ ಬಂದಾಗ ದೊಡ್ಡದನ್ನು ಎಬ್ಬಿಸುವ ಏರ್ಪಾಡು ಇದು. ವೈ-ಫೈಗೆ 2021ರ 802.11ಬಿಎ ಮಾನದಂಡ ಇದನ್ನು ತಂದಿದೆ. ‘ಎಚ್ಚರಿಸುವ ರೇಡಿಯೊ’ ಎಂದರೆ ಅಪಾಯದ ಮುನ್ಸೂಚನೆ ಕೊಡುವ ರೇಡಿಯೊ ಎಂದಾಗಿಬಿಡುತ್ತದೆ. ‘ಎಬ್ಬಿಸುವ ರೇಡಿಯೊ’ ಎಂದು ಬರೆದಿದ್ದೇನೆ. ಧಾರವಾಡ, ಮಂಗಳೂರು ಕಡೆಯ ಓದುಗರಿಗೂ ಇದು ಸಹಜವಾಗಿ ಕೇಳಿಸುತ್ತದೆಯೇ ಎಂಬುದನ್ನು ಆ ಭಾಗದವರು ದಯವಿಟ್ಟು ತಿಳಿಸಬೇಕು.