ರೀಫರ್ ಕಂಟೈನರ್ ಪ್ರಶ್ನೋತ್ತರ: ದಾಖಲೆಯಲ್ಲಿ ಮೈನಸ್ 18, ಪೆಟ್ಟಿಗೆಯಲ್ಲಿ ಅಂಟಿಕೊಂಡ ಸೀಗಡಿ

ನಿರ್ವಾಹಕ: ಇವತ್ತು ರೀಫರ್ (ತಂಪು ಯಂತ್ರವಿರುವ ಕಂಟೈನರ್) ಸರಕಿನ ಸರ್ವೇಯರ್, ಅಂದರೆ ಸರಕಿನ ಹಾನಿ ಪರಿಶೀಲಿಸುವ ಮೇಡಂ, ಉತ್ತರ ಕೊಡುತ್ತಾರೆ. ಸರಕು ಯಾವುದು, ಸೆಟ್ ಪಾಯಿಂಟ್ (ಯಂತ್ರಕ್ಕೆ ಕೊಟ್ಟ ಉಷ್ಣಾಂಶ) ಎಷ್ಟು, ವೆಂಟ್ (ಹೊರಗಾಳಿ ಬರುವ ಕಿಂಡಿ) ಎಷ್ಟು ಅನ್ನುವುದನ್ನು ಪ್ರಶ್ನೆಯಲ್ಲೇ ಬರೆಯಿರಿ.

ಹೊಸ ಸದಸ್ಯ: ನಮಸ್ಕಾರ ಮೇಡಂ. ಲೋಡಿಂಗ್‌ಗೆ ಮುಂಚೆ ಖಾಲಿ ಕಂಟೈನರನ್ನು ತಂಪು ಮಾಡಿಟ್ಟುಕೊಳ್ಳಬೇಕೇ?

ಸರ್ವೇಯರ್: ನಮಸ್ಕಾರ. ಬೇಡ. ತಣ್ಣಗಿರುವ ಕಂಟೈನರಿನ ಬಾಗಿಲು ತೆರೆದರೆ ಹೊರಗಿನ ಗಾಳಿಯ ತೇವ ಒಳಗೋಡೆಯ ಮೇಲೆ ನೀರಾಗುತ್ತದೆ, ರಟ್ಟು ನೆನೆಯುತ್ತದೆ, ಉಳಿದದ್ದು ಯಂತ್ರದ ಇವಾಪೊರೇಟರ್ ಕಾಯಿಲ್ (ಗಾಳಿ ತಣಿಸುವ ಕೊಳವೆ ಸುರುಳಿ) ಮೇಲೆ ಮಂಜುಗಡ್ಡೆಯಾಗಿ ಕೂರುತ್ತದೆ. ಕೋಲ್ಡ್ ಸ್ಟೋರೇಜ್ ಬಾಗಿಲಿಗೆ ಕಂಟೈನರ್ ಸಂದಿಯಿಲ್ಲದೆ ಕೂರುವ ಡಾಕ್ ಇದ್ದರೆ ಮಾತ್ರ ಮಾಡಬಹುದು. ತಂಪಾಗಿರಬೇಕಾದದ್ದು ಸರಕು. ಈ ಯಂತ್ರ ಇರುವ ತಂಪನ್ನು ಕಾಯುತ್ತದೆ ಅಷ್ಟೆ, ಬಿಸಿ ಸರಕನ್ನು ತಣಿಸಲು ಅದನ್ನು ಕಟ್ಟಿಲ್ಲ. ಲೋಡ್ ಮಾಡುವಷ್ಟು ಹೊತ್ತೂ ಯಂತ್ರ ಆಫ್ ಇರಲಿ.

ದ್ರಾಕ್ಷಿ ರಫ್ತುದಾರ: ದ್ರಾಕ್ಷಿಗೆ ಮೈನಸ್ 0.5, ವೆಂಟ್ 25 ಪರ್ಸೆಂಟ್ ಅಂತ ಬುಕಿಂಗ್‌ನಲ್ಲಿ ಕೊಟ್ಟಿದ್ದೇವೆ. ಸರಿಯೇ?

ಸರ್ವೇಯರ್: ಲೋಡಿಂಗ್ ಹೊತ್ತಿಗೆ ಹಣ್ಣಿನ ತಿರುಳೂ ಹೆಚ್ಚುಕಮ್ಮಿ ಅಷ್ಟಕ್ಕೆ ಇಳಿದಿದ್ದರೆ ಸೆಟ್ ಪಾಯಿಂಟ್ ಸರಿ. ವೆಂಟನ್ನು ಪರ್ಸೆಂಟಿನಲ್ಲಿ ಬರೆಯಬೇಡಿ. ಒಂದು ಕಂಪನಿಯ ಯಂತ್ರದ 25 ಪರ್ಸೆಂಟ್ ಇನ್ನೊಂದರಲ್ಲಿ ಅಷ್ಟೇ ಗಾಳಿ ಆಗುವುದಿಲ್ಲ. ಗಂಟೆಗೆ ಇಷ್ಟು ಘನ ಮೀಟರ್ ಎಂದು ಬರೆಯಿರಿ. ‘ಮೈನಸ್’ ಅನ್ನುವುದನ್ನು ಚಿಹ್ನೆಯಲ್ಲಷ್ಟೇ ಬಿಡದೆ ಅಕ್ಷರದಲ್ಲೂ ಬರೆಯಿರಿ, ಸೆಲ್ಸಿಯಸ್ ಎಂದೂ ನಮೂದಿಸಿ. ಗೀಟು ಬಿಟ್ಟುಹೋಗಿ ಮೈನಸ್ 18 ಪ್ಲಸ್ 18 ಆದರೆ ಹೆಪ್ಪುಗಟ್ಟಿದ ಸರಕು ಪೂರ್ತಿ ಹೋಯಿತು.

ಸೀಗಡಿ ಪ್ಯಾಕರ್: ಮೇಡಂ, 40 ಅಡಿ ಹೈಕ್ಯೂಬ್ (ಹೆಚ್ಚು ಎತ್ತರದ) ಕಂಟೈನರ್, ಬಿಡಿಯಾಗಿ ಹೆಪ್ಪುಗಟ್ಟಿಸಿದ ಸೀಗಡಿ, ಸೆಟ್ ಪಾಯಿಂಟ್ ಮೈನಸ್ 18, ವೆಂಟ್ ಮುಚ್ಚಿತ್ತು. ಯಂತ್ರದ ದಾಖಲೆಯಲ್ಲಿ ರಿಟರ್ನ್ ಏರ್ (ಯಂತ್ರಕ್ಕೆ ಮರಳುವ ಗಾಳಿ) ಪ್ರಯಾಣದ ಉದ್ದಕ್ಕೂ ಮೈನಸ್ 18ರ ಆಸುಪಾಸಿನಲ್ಲೇ ಇದೆ. ಆದರೆ ಬಾಗಿಲ ಕಡೆಯ ಪೆಟ್ಟಿಗೆಗಳು ಕುಸಿದಿವೆ, ಒಳಗೆ ಸೀಗಡಿ ಗಟ್ಟಿಯಾಗಿ ಅಂಟಿಕೊಂಡಿದೆ. ಶಿಪ್ಪಿಂಗ್ ಲೈನ್ ‘ನಮ್ಮ ಯಂತ್ರ ಸರಿಯಿತ್ತು’ ಅನ್ನುತ್ತಿದೆ.

ಸರ್ವೇಯರ್: ಮೂರು ವಿಷಯ ಹೇಳಿ. ಕುಸಿದದ್ದು ಮೇಲಿನ ಸಾಲೋ, ಎಲ್ಲ ಸಾಲೋ? ಪೆಟ್ಟಿಗೆಗಳು ಗೋಡೆಯ ಕೆಂಪು ಗೆರೆ ದಾಟಿದ್ದವೇ? ಲೋಡಿಂಗ್ ದಿನ ಸರಕಿನ ನಡುವಿನ ಉಷ್ಣಾಂಶ ಅಳೆದ ಕಾಗದ ಇದೆಯೇ?

ಬಾಳೆ ವ್ಯಾಪಾರಿ: ಇದು ನನಗೆ ಬಂದದ್ದು, ಎಲ್ಲರಿಗೂ ಉಪಯೋಗ: “ರಫ್ತುದಾರರ ಗಮನಕ್ಕೆ! ಸೆಟ್ ಪಾಯಿಂಟ್ ಯಾವಾಗಲೂ 2 ಡಿಗ್ರಿ ಕಡಿಮೆ ಇಡಿ. ಪ್ಯಾಲೆಟ್‌ಗೆ ಸುತ್ತಲೂ ಪ್ಲಾಸ್ಟಿಕ್ ಸುತ್ತಿ ತಂಪು ಉಳಿಸಿ. ಸೀಲ್ ಹಾಕುವ ಮುನ್ನ ಬಾಗಿಲ ಬಳಿ ಡ್ರೈ ಐಸ್ ಇಡಿ. ತಪ್ಪದೆ ಹಂಚಿಕೊಳ್ಳಿ.”

ಸರ್ವೇಯರ್: ಇದನ್ನು ದಯವಿಟ್ಟು ಇಲ್ಲಿಗೇ ನಿಲ್ಲಿಸಿ. ಮೂರೂ ತಪ್ಪು, ಮೂರನೆಯದು ಜೀವ ತೆಗೆಯುತ್ತದೆ. ಡ್ರೈ ಐಸ್ ಅಂದರೆ ಗಟ್ಟಿ ಇಂಗಾಲದ ಡೈಆಕ್ಸೈಡ್. ಮುಚ್ಚಿದ ಕಂಟೈನರಿನಲ್ಲಿ ಅನಿಲವಾಗಿ ತುಂಬಿಕೊಳ್ಳುತ್ತದೆ. ಅತ್ತ ಬಂದರಿನಲ್ಲಿ ಬಾಗಿಲು ತೆರೆದು ನೇರ ಒಳಗೆ ಕಾಲಿಟ್ಟ ಕೂಲಿಯವನು ಅಲ್ಲೇ ಕುಸಿಯುತ್ತಾನೆ. ಅದು ಯುಎನ್ 1845 ಸಂಖ್ಯೆಯ ಅಪಾಯಕಾರಿ ಸರಕು. ಘೋಷಿಸದೆ, ಎಚ್ಚರಿಕೆ ಫಲಕ ಅಂಟಿಸದೆ ಇಡುವಂತಿಲ್ಲ.

ಎರಡು ಡಿಗ್ರಿ ಕಡಿಮೆಯ ಮಾತು: ಬಾಳೆ 13ರಿಂದ 14 ಡಿಗ್ರಿಯ ಹಣ್ಣು. 13ಕ್ಕಿಂತ ಕೆಳಗೆ ದಿನಗಟ್ಟಲೆ ಇದ್ದರೆ ಸಿಪ್ಪೆಯೊಳಗೆ ಕಂದು ಗೆರೆ ಬೀಳುತ್ತದೆ, ಆಮೇಲೆ ಹಣ್ಣಾದರೂ ಹೊಳೆಯುವ ಹಳದಿ ಬರುವುದಿಲ್ಲ, ಬೂದು ಬಣ್ಣವೇ. ಪ್ಲಾಸ್ಟಿಕ್ ಸುತ್ತಿದರೆ ಉಸಿರಾಡುವ ಹಣ್ಣಿನ ಬಿಸಿ ಒಳಗೇ ಉಳಿಯುತ್ತದೆ. ಹಣ್ಣಿನ ಪೆಟ್ಟಿಗೆಯ ತೂತಿನ ಮೂಲಕವೇ ಗಾಳಿ ಮೇಲೇರಬೇಕು.

ಬಾಳೆ ವ್ಯಾಪಾರಿ: ನಾನು ಬರೆದದ್ದಲ್ಲ ಮೇಡಂ, ಬಂದದ್ದನ್ನು ಹಾಕಿದೆ.

ಸರ್ವೇಯರ್: ಹಾಕಿದವರೂ ಅಳಿಸಬಹುದು. ಅಳಿಸಿ.

ಹಣ್ಣು ವರ್ತಕ: ಸೇಬು, ಕಿವಿ ಎರಡೂ 0 ಡಿಗ್ರಿ. ಒಂದೇ ಕಂಟೈನರಿನಲ್ಲಿ ಹಾಕಬಹುದೇ?

ಸರ್ವೇಯರ್: ಉಷ್ಣಾಂಶ ಹೊಂದುತ್ತದೆ, ಅನಿಲ ಹೊಂದುವುದಿಲ್ಲ. ಸೇಬು ಎಥಿಲೀನ್ ಎಂಬ, ಹಣ್ಣು ಮಾಗಿಸುವ ಅನಿಲ ಬಿಡುತ್ತದೆ, ಕಿವಿ ಅತ್ಯಲ್ಪ ಎಥಿಲೀನಿಗೂ ಮೆತ್ತಗಾಗುತ್ತದೆ. ಬೇಡ.

ಫಾರ್ವರ್ಡರ್ (ಸರಕು ಸಾಗಣೆ ಏಜೆಂಟ್): ಎಥಿಲೀನ್ ತೆಗೆಯುವ ಪೊಟ್ಯಾಸಿಯಂ ಪರ್ಮಾಂಗನೇಟ್ ಪೊಟ್ಟಣ ಹಾಕಿದರೆ ಆಗುತ್ತದೆ, ಎಲ್ಲರೂ ಹಾಕುತ್ತಾರೆ.

ಕೋಲ್ಡ್ ಸ್ಟೋರೇಜ್ ಮೇಲ್ವಿಚಾರಕ: ಪೊಟ್ಟಣ ತನ್ನ ಬಳಿ ಬಂದ ಗಾಳಿಯನ್ನಷ್ಟೇ ಶುದ್ಧ ಮಾಡುತ್ತದೆ. ಅರ್ಧ ಕಂಟೈನರ್ ಸೇಬು ಹಗಲೂ ರಾತ್ರಿ ಅನಿಲ ಬಿಡುತ್ತಿರುವಾಗ ನಾಲ್ಕು ಪೊಟ್ಟಣ ಏನು ಮಾಡೀತು?

ಫಾರ್ವರ್ಡರ್: ನೀವು ಕೋಲ್ಡ್ ಸ್ಟೋರೇಜಿನವರು, ಹಡಗಿನ ವಿಷಯ ನಿಮಗೇನು ಗೊತ್ತು?

ಕೋಲ್ಡ್ ಸ್ಟೋರೇಜ್ ಮೇಲ್ವಿಚಾರಕ: ಎಥಿಲೀನ್‌ಗೆ ಹಡಗು ಯಾವುದು, ಗೋದಾಮು ಯಾವುದು ಅಂತ ಗೊತ್ತಾಗುವುದಿಲ್ಲ. ಹಣ್ಣು ಮೆತ್ತಗಾದರೆ ನೀವು ಕೈತೊಳೆದುಕೊಳ್ಳುತ್ತೀರಿ, ನಷ್ಟ ಅವರದು.

ಚಾಕೊಲೇಟ್ ತಯಾರಕ: ಚಾಕೊಲೇಟ್‌ಗೆ ತೇವಾಂಶ ಎಷ್ಟಕ್ಕೆ ಸೆಟ್ ಮಾಡಿಸಬೇಕು?

ಸೀಗಡಿ ಪ್ಯಾಕರ್: ಮೇಡಂ, ಮಾಹಿತಿ ಸಿಕ್ಕಿತು. ಕುಸಿದದ್ದು ಬಾಗಿಲ ಕಡೆಯ ಕೊನೆಯ ಎರಡು ಅಡ್ಡಸಾಲಿನ ಮೇಲಿನ ಪೆಟ್ಟಿಗೆಗಳು ಮಾತ್ರ. ಪೆಟ್ಟಿಗೆ ಉಳಿದವೆಂದು ಅಲ್ಲಿ ಚಾವಣಿಯವರೆಗೆ ಪೇರಿಸಿದ್ದರಂತೆ. ಲೋಡಿಂಗ್ ದಿನದ ಅಳತೆ ಮೈನಸ್ 20.

ಸರ್ವೇಯರ್: ಹಾಗಾದರೆ ಸುಳಿವು ಅಲ್ಲೇ ಇದೆ. ಗಾಳಿ ಯಂತ್ರದಿಂದ ನೆಲದ ಟಿ ಆಕಾರದ ಪಟ್ಟಿಗಳ ಸಂದಿಯಲ್ಲಿ ಬಾಗಿಲವರೆಗೆ ಬರುತ್ತದೆ, ಸರಕಿನ ಸುತ್ತ ಮೇಲೇರಿ, ಚಾವಣಿಯ ಕೆಳಗಿನ ಖಾಲಿ ಜಾಗದಲ್ಲಿ ಯಂತ್ರಕ್ಕೆ ಮರಳುತ್ತದೆ. ಕೆಂಪು ಗೆರೆ ಎಳೆದಿರುವುದು ಆ ಜಾಗ ಉಳಿಯಲೆಂದು. ನೀವು ಬಾಗಿಲ ಬಳಿ ಅದನ್ನು ತುಂಬಿದ್ದರಿಂದ ಅಲ್ಲಿಯ ಗಾಳಿಗೆ ಮರಳುವ ದಾರಿ ತಪ್ಪಿತು. ಅದು ನಡುವಿನಲ್ಲೇ ಮೇಲೇರಿ ಹಿಂತಿರುಗಿತು. ಇತ್ತ ಬಿಸಿಲಿಗೆ ಕಾದ ಚಾವಣಿಯ ಶಾಖ ಆ ಪೆಟ್ಟಿಗೆಗಳಿಗೆ ನೇರವಾಗಿ ಇಳಿಯಿತು.

ರಿಟರ್ನ್ ಸೆನ್ಸರ್ ಇರುವುದು ಮುಂದಿನ ತುದಿಯಲ್ಲಿ, ಯಂತ್ರದ ಬಾಯಲ್ಲಿ. ತನ್ನ ಹತ್ತಿರ ಬಂದ ಗಾಳಿಯನ್ನು ಅದು ಸರಿಯಾಗಿಯೇ ಅಳೆದಿದೆ. ಹನ್ನೆರಡು ಮೀಟರ್ ಆಚೆಯ ಪೆಟ್ಟಿಗೆ ಅದಕ್ಕೆ ಕಾಣುವುದಿಲ್ಲ. ಬಿಸಿ ಸರಕು ಹಾಕಿದ್ದರೆ ಮೊದಲ ದಿನಗಳ ರಿಟರ್ನ್ ಅಂಕಿ ಮೇಲೇ ಇದ್ದು ನಿಧಾನವಾಗಿ ಇಳಿಯುತ್ತಿತ್ತು. ವಿದ್ಯುತ್ ಹೋಗಿದ್ದರೆ ದಾಖಲೆಯಲ್ಲಿ ಅದು ಕಾಣುತ್ತಿತ್ತು, ಹಾನಿಯೂ ಎರಡು ಸಾಲಿಗೆ ನಿಲ್ಲುತ್ತಿರಲಿಲ್ಲ. ಸೀಗಡಿ ಅಂಟಿದೆ ಅಂದರೆ ಮೇಲಿನ ಐಸ್ ಪದರ ಕರಗಿ ಮತ್ತೆ ಹೆಪ್ಪುಗಟ್ಟಿದೆ.

ಫಾರ್ವರ್ಡರ್: ಹಾಗಲ್ಲ, ದಾಖಲೆಯಲ್ಲಿ ಕೆಲವು ಗಂಟೆಗೊಮ್ಮೆ ಉಷ್ಣಾಂಶ ಮೇಲೇರಿದ್ದು ನಾನೇ ನೋಡಿದ್ದೇನೆ. ಯಂತ್ರ ಕೆಟ್ಟಿತ್ತು. ಕ್ಲೈಮ್ ಬಿಡಬೇಡಿ.

ಸರ್ವೇಯರ್: ಅದು ಡಿಫ್ರಾಸ್ಟ್. ಕಾಯಿಲ್ ಮೇಲಿನ ಮಂಜು ಕರಗಿಸಲು ಫ್ಯಾನ್ ನಿಲ್ಲುತ್ತದೆ, ಹೀಟರ್ ಓಡುತ್ತದೆ, ಸೆನ್ಸರ್ ಸುತ್ತಲಿನ ಗಾಳಿ ಸ್ವಲ್ಪ ಹೊತ್ತು ಬಿಸಿಯಾಗುತ್ತದೆ. ಸರಕು ಆಗ ಕರಗುವುದಿಲ್ಲ.

ಫಾರ್ವರ್ಡರ್: ಮೇಡಂ ಲೈನ್ ಪರ ಮಾತಾಡುತ್ತಿದ್ದಾರೆ.

ಸೀಗಡಿ ಪ್ಯಾಕರ್: ಪೇರಿಸುವಾಗ ನಿಮ್ಮ ಮೇಲ್ವಿಚಾರಕರೇ ಅಲ್ಲಿದ್ದರಲ್ಲ ಸ್ವಾಮಿ? ‘ಇನ್ನೂ ಹಿಡಿಯುತ್ತದೆ, ತುಂಬಿ’ ಅಂದದ್ದು ಯಾರು?

ಫಾರ್ವರ್ಡರ್: ಲೋಡಿಂಗ್ ಪ್ಯಾಕರ್ ಜವಾಬ್ದಾರಿ. ಬುಕಿಂಗ್ ಕಾಗದ ಓದಿ.

ನಿರ್ವಾಹಕ: ಇಬ್ಬರೂ ಖಾಸಗಿಯಾಗಿ ಮಾತಾಡಿಕೊಳ್ಳಿ.

ಮತ್ತೊಬ್ಬ ಸದಸ್ಯ: ಮೇಡಂ, ಖಾಲಿ ಕಂಟೈನರ್ ಮೊದಲೇ ತಂಪು ಮಾಡಬೇಕಾ?

ಸರ್ವೇಯರ್: ಬೇಡ. ಮೊದಲ ಉತ್ತರ ಓದಿ.

ದ್ರಾಕ್ಷಿ ರಫ್ತುದಾರ: ಹಣ್ಣಿನ ಲೋಡಿನಲ್ಲಿ ಬಾಗಿಲ ಬಳಿ ಒಂದು ಅಡಿ ನೆಲ ಖಾಲಿ ಉಳಿಯುತ್ತದೆ. ಪರವಾಗಿಲ್ಲವೇ?

ಸರ್ವೇಯರ್: ಹಾಗೆ ಬಿಡಬೇಡಿ. ಗಟ್ಟಿ ರಟ್ಟಿನಿಂದ ಆ ನೆಲವನ್ನು ಮುಚ್ಚಿ, ಅಲುಗದಂತೆ ಭದ್ರಪಡಿಸಿ. ತೆರೆದಿದ್ದರೆ ಗಾಳಿ ಅಲ್ಲಿಂದಲೇ ಮೇಲೆ ಹಾರಿ ಯಂತ್ರಕ್ಕೆ ಮರಳುತ್ತದೆ, ಪೆಟ್ಟಿಗೆಯೊಳಗೆ ನುಗ್ಗುವ ಒತ್ತಡ ಉಳಿಯುವುದಿಲ್ಲ. ಪ್ಯಾಲೆಟ್‌ಗಳ ನಡುವಿನ ಸಂದಿಗೂ ಇದೇ ಮಾತು.

ಇನ್ನೊಬ್ಬ: ಪ್ರೀ ಕೂಲಿಂಗ್ ಬಗ್ಗೆ ಹೇಳಿ ಮೇಡಂ

ಸರ್ವೇಯರ್: ಮೂರನೇ ಸಲ. ಮೇಲೆ ನೋಡಿ.

ಸೀಗಡಿ ಪ್ಯಾಕರ್: ಈಗ ನಾನೇನು ಮಾಡಲಿ ಮೇಡಂ? ಪೆಟ್ಟಿಗೆ ಇನ್ನೂ ಖರೀದಿದಾರರ ಗೋದಾಮಿನಲ್ಲಿವೆ.

ಸರ್ವೇಯರ್: ಏನನ್ನೂ ಎಸೆಯಲು ಬಿಡಬೇಡಿ. ಕೆಟ್ಟವನ್ನು ಬೇರೆ ಮಾಡಿ ಮೈನಸ್ 18ರಲ್ಲೇ ಇಡಲು ಹೇಳಿ. ಬಾಗಿಲು ತೆರೆದಾಗಿನ ಫೋಟೋ, ಸೀಲ್ ನಂಬರ್, ಯಂತ್ರದ ಪೂರ್ತಿ ದಾಖಲೆ ತರಿಸಿಕೊಳ್ಳಿ. ಲೈನ್ ಪ್ರತಿನಿಧಿಯನ್ನೂ ಕರೆದು ಜಂಟಿ ಸರ್ವೇ ಮಾಡಿಸಿ. ವಿಮಾ ಕಂಪನಿಗೆ ಇವತ್ತೇ ತಿಳಿಸಿ. ನಿಮ್ಮ ಬಿಲ್ ಆಫ್ ಲೇಡಿಂಗ್‌ಗೆ (ಹಡಗು ಸಾಗಣೆಯ ಸರಕು ಪತ್ರ) ಹೇಗ್-ವಿಸ್ಬಿ ಎಂಬ ಅಂತಾರಾಷ್ಟ್ರೀಯ ಸಮುದ್ರ ಸಾಗಣೆ ನಿಯಮ ಅನ್ವಯಿಸಿದರೆ, ಹೊರಗೆ ಕಾಣದ ಹಾನಿಗೆ ಡೆಲಿವರಿಯಾದ 3 ದಿನದೊಳಗೆ ಲಿಖಿತ ನೋಟಿಸ್ ಕೊಡಬೇಕು, ದಾವೆಗೆ 1 ವರ್ಷದ ಗಡುವು. ಪೇರಿಸಿದ ರೀತಿಯನ್ನು ಮುಚ್ಚಿಡಬೇಡಿ, ಫೋಟೋದಲ್ಲಿ ಅದು ಕಂಡೇ ಕಾಣುತ್ತದೆ. ಕೆಳಗಿನ ಸಾಲಿನಿಂದಲೂ ಮಾದರಿ ತೆಗೆಸಿ. ಉಷ್ಣಾಂಶ ಅಳೆಯುವ ಪ್ರೋಬನ್ನು ಮೊದಲು ತಣ್ಣಗಾಗಿಸಿ, ಸರಕಿನ ನಡುವಿಗೆ ಇಳಿಸಿ, ಅಂಕಿ ನಿಂತ ಮೇಲೆ ಬರೆದುಕೊಳ್ಳಲಿ.

ಸೀಗಡಿ ಪ್ಯಾಕರ್: ಡೆಲಿವರಿ ಆಗಿ ಇವತ್ತಿಗೆ ಎರಡನೇ ದಿನ.

ಸರ್ವೇಯರ್: ಹಾಗಾದರೆ ಇಲ್ಲಿ ಬರೆಯುವುದು ನಿಲ್ಲಿಸಿ, ಮೊದಲು ನೋಟಿಸ್ ಕಳಿಸಿ.

ಚಾಕೊಲೇಟ್ ತಯಾರಕ: ಮೇಡಂ, ತೇವಾಂಶದ ಪ್ರಶ್ನೆ?