ಇಂಗ್ಲೆಂಡಿನ ಪ್ರೌಢಶಾಲಾ ವಿದ್ಯಾರ್ಥಿಗಳ ವೈದ್ಯಕೀಯ ತಪಾಸಣೆ ಮತ್ತು ಚಿಕಿತ್ಸೆ: ಏಕೆ ಇಷ್ಟು ತಡವಾಯಿತು?

ಪ್ರಶ್ನೆ

ಇಂಗ್ಲೆಂಡಿನ ಶಾಲಾ ವೈದ್ಯಕೀಯ ಸೇವೆಯ ಚರಿತ್ರೆಯನ್ನು ಓದುತ್ತಿದ್ದೇನೆ. ಸಾರ್ವಜನಿಕ ಎಲಿಮೆಂಟರಿ ಶಾಲೆಗೆ, ಅಂದರೆ ಸಾಮಾನ್ಯ ಜನರ ಮಕ್ಕಳು ಓದುತ್ತಿದ್ದ ಆರಂಭಿಕ ಶಾಲೆಗೆ, ಸೇರುವ ಮಕ್ಕಳನ್ನು ವೈದ್ಯರಿಂದ ಪರೀಕ್ಷೆ ಮಾಡಿಸುವುದು 1907ರ ಕಾಯಿದೆಯಿಂದ ಸ್ಥಳೀಯ ಶಿಕ್ಷಣ ಪ್ರಾಧಿಕಾರಗಳ ಕರ್ತವ್ಯವಾಯಿತು ಎಂಬುದು ಸ್ಪಷ್ಟವಾಗಿದೆ. ಆದರೆ ಅಲ್ಲಿಂದ ಪ್ರೌಢಶಾಲೆಗೆ ಹೋದವರ ಪಾಡೇನು ಎಂಬುದು ತಿಳಿಯುತ್ತಿಲ್ಲ. ಅವರಿಗೂ ತಪಾಸಣೆ ಇತ್ತೇ? ದೋಷ ಕಂಡುಬಂದಾಗ ಚಿಕಿತ್ಸೆಯ ಹೊಣೆ ಯಾರದಾಗಿತ್ತು? ತಿಳಿದವರು ವಿವರಿಸಬೇಕೆಂದು ಕೋರುತ್ತೇನೆ.

ಉತ್ತರ 1

1907ರ ಕಾಯಿದೆ ಪ್ರೌಢಶಾಲೆಗಳನ್ನು ಒಳಗೊಂಡಿರಲಿಲ್ಲ. ದಕ್ಷಿಣ ಆಫ್ರಿಕಾದಲ್ಲಿ ನಡೆದ ಬೋಯರ್ ಯುದ್ಧದ (1899–1902) ಕಾಲದಲ್ಲಿ ಸೈನ್ಯಕ್ಕೆ ಸೇರಲು ಬಂದ ಅನೇಕ ಯುವಕರು ದೇಹದಾರ್ಢ್ಯವಿಲ್ಲದೆ ತಿರಸ್ಕೃತರಾದದ್ದು, ಆ ಬಳಿಕ 1904ರಲ್ಲಿ ಸರ್ಕಾರಿ ಸಮಿತಿಯೊಂದು ಶಾಲಾ ಮಕ್ಕಳ ವೈದ್ಯಕೀಯ ತಪಾಸಣೆಗೆ ಶಿಫಾರಸು ಮಾಡಿದ್ದು, ಇವೆಲ್ಲದರ ಹಿಂದೆ ಇದ್ದದ್ದು ಬಡ ಮಕ್ಕಳ ಚಿಂತೆ. ಪ್ರೌಢಶಾಲೆಯಲ್ಲಿ ಹೆಚ್ಚಿನವರು ಶುಲ್ಕ ಕೊಟ್ಟು ಓದುವವರಾದ್ದರಿಂದ ಅವರ ಮನೆಯವರೇ ವೈದ್ಯರಿಗೆ ತೋರಿಸಿಕೊಳ್ಳುತ್ತಾರೆ ಎಂಬ ಭಾವನೆ ಬಲವಾಗಿತ್ತು.

ಈ ಭಾವನೆ ಎಷ್ಟು ಟೊಳ್ಳಾಗಿತ್ತು ಎಂಬುದನ್ನು ಅದೇ ವರ್ಷದ ಇನ್ನೊಂದು ನಿಯಮ ತೋರಿಸುತ್ತದೆ. ಸರ್ಕಾರದ ಪೂರ್ಣ ಅನುದಾನ ಬೇಕಾದ ಪ್ರೌಢಶಾಲೆಗಳು ಸಾಮಾನ್ಯವಾಗಿ ಪ್ರವೇಶದ ಶೇಕಡ 25ರಷ್ಟನ್ನು ಎಲಿಮೆಂಟರಿ ಶಾಲೆಗಳಿಂದ ಬರುವವರಿಗೆ ಉಚಿತವಾಗಿ ಕೊಡಬೇಕೆಂದು 1907ರಲ್ಲಿಯೇ ವಿಧಿಸಲಾಯಿತು. ಹಾಗೆ ಪರೀಕ್ಷೆಯಲ್ಲಿ ಗೆದ್ದು ಬಂದ ಬಡ ಹುಡುಗಿ ಹಳೆಯ ಶಾಲೆಯಲ್ಲಿ ತಪಾಸಣೆಗೆ ಹಕ್ಕುಳ್ಳವಳಾಗಿದ್ದು, ಹೊಸ ಶಾಲೆಯ ಹೊಸ್ತಿಲು ದಾಟಿದೊಡನೆ ಕಾನೂನಿನ ದೃಷ್ಟಿಯಲ್ಲಿ ಆ ಹಕ್ಕನ್ನು ಕಳೆದುಕೊಳ್ಳುತ್ತಿದ್ದಳು. ಜಾಣ್ಮೆಗೆ ಸಿಕ್ಕ ಈ ಫಲ ನನಗೆ ಅತ್ಯಂತ ಅನ್ಯಾಯವೆಂದೇ ತೋರುತ್ತದೆ.

ಈ ಅಂತರವನ್ನು 1918ರ ಶಿಕ್ಷಣ ಕಾಯಿದೆ ಭಾಗಶಃ ತುಂಬಿತು. ಪ್ರಾಧಿಕಾರಗಳು ತಾವೇ ನಡೆಸುವ ಪ್ರೌಢಶಾಲೆಗಳಲ್ಲಿ ತಪಾಸಣೆ ನಡೆಸುವುದು ಅಂದಿನಿಂದ ಕರ್ತವ್ಯವಾಯಿತು. ಚಿಕಿತ್ಸೆಯ ಏರ್ಪಾಡು ಮಾತ್ರ ಅವರ ಇಚ್ಛೆಗೆ ಬಿಟ್ಟ ಅಧಿಕಾರವಾಗಿ ಉಳಿಯಿತು. ಇತರ ಆಡಳಿತ ಮಂಡಳಿಗಳ ಶಾಲೆಗಳಿಗೆ ಈ ಸೇವೆ ದೊರೆಯಬೇಕಾದರೆ ಆ ಮಂಡಳಿಗಳೇ ಕೇಳಿಕೊಳ್ಳಬೇಕಿತ್ತು.

ಉತ್ತರ 2

ತಪಾಸಣೆಯ ಸ್ವರೂಪದ ಬಗ್ಗೆ ಒಂದೆರಡು ಮಾತು. ಎಲಿಮೆಂಟರಿ ಶಾಲೆಗಳಿಗಾಗಿ ಶಿಕ್ಷಣ ಮಂಡಳಿ (ಅಂದಿನ ಕೇಂದ್ರ ಸರ್ಕಾರದ ಶಿಕ್ಷಣ ಇಲಾಖೆ) 1907ರಲ್ಲಿ ಹೊರಡಿಸಿದ ಸುತ್ತೋಲೆಯೇ ಪ್ರತಿ ಮಗುವಿಗೆ ಕೆಲವು ನಿಮಿಷ ಸಾಕೆಂದು ಎಣಿಸಿತ್ತು. ಹತ್ತು ದಾಟಿದ ವಯಸ್ಸಿನಲ್ಲಿ ವೈದ್ಯರು ಗಮನಿಸಬೇಕಾದವು ಹುಳುಕು ಹಲ್ಲು, ಹೃದಯ, ಬೆನ್ನೆಲುಬಿನ ಬಾಗುವಿಕೆ ಮತ್ತು ವಿಶೇಷವಾಗಿ ಕಣ್ಣು. ಸಮೀಪದೃಷ್ಟಿ ಬಹುಮಟ್ಟಿಗೆ ಬೆಳೆಯುವ ವಯಸ್ಸಿನಲ್ಲೇ ಹೆಚ್ಚುತ್ತ ಹೋಗುವುದರಿಂದ, ಐದನೆಯ ವರ್ಷದಲ್ಲಿ ಸರಿಯಿದ್ದ ಕಣ್ಣು ಹದಿಮೂರರಲ್ಲಿಯೂ ಸರಿಯಿದೆಯೆಂದು ನಂಬುವಂತಿಲ್ಲ. ವಿದ್ಯಾರ್ಥಿಯನ್ನು ಅಕ್ಷರಫಲಕದಿಂದ ಇಪ್ಪತ್ತು ಅಡಿ, ಅಂದರೆ ಸುಮಾರು 6 ಮೀಟರ್ ದೂರದಲ್ಲಿ ನಿಲ್ಲಿಸಿ, ಒಂದು ಕಣ್ಣನ್ನು ಮುಚ್ಚಿಸಿ ಮೇಲಿನ ಸಾಲಿನಿಂದ ಓದಿಸುತ್ತಾರೆ. 6/12 ಎಂದು ಬರೆದರೆ, ಒಳ್ಳೆಯ ಕಣ್ಣು 12 ಮೀಟರಿನಿಂದ ಓದುವ ಸಾಲನ್ನು ಈ ಕಣ್ಣು 6 ಮೀಟರಿನಿಂದಷ್ಟೇ ಓದಬಲ್ಲದು ಎಂದರ್ಥ. ಆ ಅಂಕೆ ದಾಖಲಾದರೂ ಕನ್ನಡಕ ಕೈಗೆ ಬಾರದಿದ್ದರೆ, ಹಿಂದಿನ ಬೆಂಚಿನ ಹುಡುಗನಿಗೆ ಕಪ್ಪುಹಲಗೆ ಮಸುಕಾಗಿಯೇ ಇರುತ್ತದೆ.

ಪ್ರಶ್ನೆ ಕೇಳಿದವರು

ಇಬ್ಬರಿಗೂ ಧನ್ಯವಾದಗಳು. ಪ್ರಾಧಿಕಾರ ಚಿಕಿತ್ಸೆ ಕೊಡಿಸಿದಾಗ ಖರ್ಚನ್ನು ತಂದೆತಾಯಿಗಳೇ ಭರಿಸಬೇಕಿತ್ತೇ?

ಉತ್ತರ 3

ಹೌದು, ಆ ತತ್ತ್ವ 1909ರ ಕಾಯಿದೆಯಲ್ಲಿಯೇ ಇತ್ತು: ಎಲಿಮೆಂಟರಿ ಶಾಲೆಯ ಮಗುವಿಗೆ ಕೊಡಿಸಿದ ಚಿಕಿತ್ಸೆಯ ವೆಚ್ಚವನ್ನು, ಕೊಡಲು ಶಕ್ತಿಯಿಲ್ಲದವರನ್ನು ಬಿಟ್ಟು, ಉಳಿದ ತಂದೆತಾಯಿಗಳಿಂದ ವಸೂಲು ಮಾಡಬೇಕಿತ್ತು. ಪ್ರೌಢಶಾಲೆಯ ವಿಷಯದಲ್ಲಿಯಂತೂ, ಮಕ್ಕಳ ಚಿಕಿತ್ಸೆ ಮನೆಯವರ ಹೊಣೆ ಎಂಬ ವಾದಕ್ಕೆ ಇನ್ನೂ ಹೆಚ್ಚಿನ ಬಲವಿತ್ತು.

ಹಾಗೆಂದು ಅಂದಿನ ತಪಾಸಣೆಯನ್ನು ನಿಷ್ಪ್ರಯೋಜಕವೆಂದು ತಳ್ಳಿಹಾಕುವುದು ಸರಿಯಲ್ಲ. ದೋಷಗಳ ಪಟ್ಟಿ ವರ್ಷದಿಂದ ವರ್ಷಕ್ಕೆ ಅಧಿಕೃತ ವರದಿಗಳಲ್ಲಿ ಪ್ರಕಟವಾಗುತ್ತ ಹೋದದ್ದರಿಂದಲೇ ಚಿಕಿತ್ಸೆಯಿಲ್ಲದ ತಪಾಸಣೆ ಅರ್ಧ ಕೆಲಸವೆಂಬ ಮಾತಿಗೆ ಆಧಾರ ದೊರೆಯಿತು. ಶಿಕ್ಷಣ ಮಂಡಳಿಯ ಮುಖ್ಯ ವೈದ್ಯಾಧಿಕಾರಿ ಜಾರ್ಜ್ ನ್ಯೂಮನ್ ಅವರ ವಾರ್ಷಿಕ ವರದಿಗಳನ್ನು ಈ ದೃಷ್ಟಿಯಿಂದ ಓದಬೇಕು. ಶಾಲಾ ಚಿಕಿತ್ಸಾಲಯಗಳಿಗಾಗಿ ದುಡಿದ ಮಾರ್ಗರೆಟ್ ಮ್ಯಾಕ್‌ಮಿಲನ್ 1910ರಲ್ಲಿ ಲಂಡನ್ನಿನ ಡೆಟ್‌ಫರ್ಡ್‌ನಲ್ಲಿ ಒಂದನ್ನು ತೆರೆದದ್ದೂ ಈ ಕೊರತೆಯನ್ನು ಕಂಡೇ.

ಕೊನೆಗೆ 1944ರ ಶಿಕ್ಷಣ ಕಾಯಿದೆ ಪ್ರಾಧಿಕಾರಗಳು ನಿರ್ವಹಿಸುವ ಎಲ್ಲ ಪ್ರಾಥಮಿಕ ಮತ್ತು ಪ್ರೌಢಶಾಲೆಗಳ ವಿದ್ಯಾರ್ಥಿಗಳಿಗೆ ತಪಾಸಣೆಯನ್ನೂ ಉಚಿತ ಚಿಕಿತ್ಸೆಯನ್ನೂ ಒಂದೇ ನೆಲೆಯಲ್ಲಿ ತಂದಿತು. 1948ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆ ಬಂದ ಮೇಲೂ ಶಾಲಾ ಆರೋಗ್ಯ ಸೇವೆ ಶಿಕ್ಷಣ ಪ್ರಾಧಿಕಾರಗಳ ಕೈಯಲ್ಲೇ ಇದ್ದು, 1974ರಲ್ಲಿ ರಾಷ್ಟ್ರೀಯ ಆರೋಗ್ಯ ಸೇವೆಗೆ ವರ್ಗಾವಣೆಯಾಯಿತು. ನಡುವೆ, 1953ರಿಂದ ಹದಿಮೂರರ ಆಸುಪಾಸಿನ ವಿದ್ಯಾರ್ಥಿಗಳಿಗೆ ಟ್ಯುಬರ್ಕ್ಯುಲಿನ್ ಪರೀಕ್ಷೆ ಮಾಡಿ, ಕ್ಷಯದ ಸೋಂಕು ತಗಲದವರಿಗೆ ಬಿಸಿಜಿ ಲಸಿಕೆ ಹಾಕುವ ಕಾರ್ಯಕ್ರಮ ಶಾಲೆಗಳಲ್ಲಿ ಆರಂಭವಾಯಿತು. ಹಿಂದೆ ಕಾನೂನು ಮರೆತಿದ್ದ ವಯಸ್ಸಿನವರನ್ನೇ ಮುಂದಿಟ್ಟುಕೊಂಡು ರೂಪಿಸಿದ ಕಾರ್ಯಕ್ರಮವದು.